ಕಳಿಸುವ ಮುಂಚೆ ಕೇಳು

ನವೆಂಬರ್ 3, 2025. ಸೋಮವಾರ
ಅಮ್ಮನ ಔಷಧಿ ಚೀಟಿ, ಪಿಂಚಣಿ ಕಾಗದ ಎಲ್ಲ ಮಗ ಫೋನಿಗೇರಿಸಿದ. ಇನ್ನು ಎಐ ಏಜೆಂಟ್ ನೋಡಿಕೊಳ್ಳುತ್ತದಂತೆ. ಚಾಟ್‌ಬಾಟ್ ಕೇಳಿದ್ದಕ್ಕೆ ಉತ್ತರ ಹೇಳಿ ಸುಮ್ಮನಾಗುತ್ತದೆ. ಇದಕ್ಕೆ ಆಗಬೇಕಾದ ಕೆಲಸ ಹೇಳಿದರೆ ಸಾಕು. ಹಂತ ತಾನೇ ಹಾಕಿಕೊಂಡು, ಮೇಲ್ ತೆರೆದು, ಕ್ಯಾಲೆಂಡರ್ ನೋಡಿ, ಒಂದು ದಾರಿ ಮುಚ್ಚಿದರೆ ಇನ್ನೊಂದು ಹಿಡಿಯುತ್ತದೆ. ಖುಷಿ. ಅಂಜಿಕೆಯೂ.

5, ರಾತ್ರಿ
ಇಬ್ಬರು ಡಾಕ್ಟರರ ಚೀಟಿಗಳನ್ನು ಏಜೆಂಟ್ ಜೋಡಿಸಿ ಓದಿತು. ಎರಡು ಮಾತ್ರೆ, ಹೆಸರು ಬೇರೆ, ಎರಡರಲ್ಲೂ ಪ್ಯಾರಸಿಟಮಾಲ್. ‘ಡಾಕ್ಟರನ್ನು ಕೇಳಿ’ ಎಂದಿತ್ತು. ಡಿವಿಜಿ ರಸ್ತೆಯ ಮೆಡಿಕಲ್ ಶಾಪಿನವರೂ ಹೌದೆಂದರು. ಅಮ್ಮ ಎಷ್ಟು ದಿನದಿಂದ ನುಂಗುತ್ತಿದ್ದಳೋ.

8
ಏಜೆಂಟ್ ಮೇಲ್ ಕಳಿಸಲು ಅನುಮತಿ ಕೇಳಿತು. ಕೊಡಲಿಲ್ಲ. ಓದಲಿ, ಬರೆದಿಡಲಿ, ಕಳಿಸುವ ಮುಂಚೆ ನನ್ನನ್ನು ಕೇಳಲಿ. ಬಂದ ಮೇಲ್‌ನೊಳಗೆ ಯಾರಾದರೂ ಅಪ್ಪಣೆ ಬಚ್ಚಿಟ್ಟಿದ್ದರೆ, ಅದನ್ನೇ ನಮ್ಮ ಮಾತೆಂದು ನಡೆಸಿಬಿಡಬಹುದಂತೆ. ಇದಕ್ಕಿನ್ನೂ ಪೂರ್ತಿ ಪರಿಹಾರವಿಲ್ಲ ಎಂದ ಮಗ. ನಿದ್ದೆ ಬರಲಿಲ್ಲ.

11
ಪಿಂಚಣಿಗಾಗಿ ಅಮ್ಮನ ಜೀವನ ಪ್ರಮಾಣ. 80 ದಾಟಿದವರು ಅಕ್ಟೋಬರಿನಿಂದಲೇ ಕೊಡಬಹುದೆಂದು ಏಜೆಂಟೇ ತಿಳಿಸಿತು. ಪಿಂಚಣಿ ಆದೇಶದ (ಪಿಪಿಒ) ನಂಬರು, ಖಾತೆ ವಿವರ ಹೊಂದಿಸಿಟ್ಟಿತು. ಮುಖ ತೋರಿಸಲು ಮಾತ್ರ ಅಮ್ಮನೇ ಬೇಕು. ಕಣ್ಣು ಮಿಟುಕಿಸಿದಳು.
“ನಾನು ಬದುಕಿದ್ದೀನಿ ಅಂತ ಅದೇ ಹೇಳೋಕಾಗಲ್ವೇನೆ?”
“ಇಲ್ಲಮ್ಮ.”
“ಸದ್ಯ.”

17, ಸೋಮವಾರ
ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಗಾಂಧಿ ಬಜಾರಿನ ಹೂವಿನಾಕೆ ಸಿಕ್ಕಳು. ವಿಧವಾ ವೇತನ ನಿಂತಿದೆ. ಯಾಕೆಂದು ತಿಳಿಯದು, ಓದು ಬಾರದು.
ಮಗನಿಗೆ ಹೇಳಿದೆ. ಇಂಥವರಿಗೆ ನೆರವಾಗಬಲ್ಲವುಗಳ ಬಗ್ಗೆ ಅವನು ವಿವರಿಸಿದ. 2023ರಲ್ಲಿ ಹರಿಯಾಣದ ಬಿವಾನ್ ಹಳ್ಳಿಯವರು ವಾಟ್ಸಾಪಿನ ‘ಜುಗಲ್‌ಬಂದಿ’ ಚಾಟ್‌ಬಾಟ್‌ನಲ್ಲಿ ಸರ್ಕಾರಿ ಯೋಜನೆಗಳ ಬಗ್ಗೆ ತಮ್ಮ ಮಾತಿನಲ್ಲೇ ಕೇಳತೊಡಗಿದರಂತೆ, ಅದರ ಹಿಂದೆ ಮದ್ರಾಸ್ ಐಐಟಿಯ ಎಐ4ಭಾರತ್ ತಂಡ. ನಮ್ಮ ಬೆಂಗಳೂರಿನ ಸರ್ವಂ ಕಂಪನಿ 2024ರ ಆಗಸ್ಟಿನಲ್ಲಿ ಕನ್ನಡವೂ ಸೇರಿ ಹತ್ತು ಭಾಷೆ ಆಡುವ ಏಜೆಂಟ್ ತಂದಿತು, ನಿಮಿಷಕ್ಕೆ ಒಂದು ರೂಪಾಯಿಯಿಂದ. ಕೊಳ್ಳುವವರು ಹೆಚ್ಚಾಗಿ ಕಂಪನಿಗಳೇ ಇರಬೇಕು. ಮೊದಲು ತಲುಪಬೇಕಾದ್ದು ಈ ಹೂವಿನಾಕೆಗೆ. ಇವಳಿಗೇ.

19, ಸಂಜೆ
ಹೂವಿನಾಕೆ ಬಂದಳು. ಅವಳು ಹೇಳುತ್ತಾ ಹೋದಳು, ಏಜೆಂಟ್ ಅರ್ಜಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿತು. ಓದಿ ಹೇಳಿದೆ. ಗಂಡ ತೀರಿಕೊಂಡ ವರ್ಷ ತಾನೇ ತಿದ್ದಿಸಿದಳು.
ಅವಳ ಆಧಾರ್, ಪಾಸ್‌ಬುಕ್ ಈಗ ನನ್ನ ಫೋನಿನಲ್ಲಿವೆ. ಅಲ್ಲಿಂದ ಯಾವ ಕಂಪನಿಯ ಕಂಪ್ಯೂಟರಿಗೆ ಹೋಗುತ್ತವೆ, ಎಷ್ಟು ದಿನ ಇರುತ್ತವೆ? ತಿಳಿದಷ್ಟು ವಿವರಿಸಿದೆ. “ನೀವೇ ನೋಡ್ಕೊಳ್ಳಿ ಅಕ್ಕ” ಎಂದಳು. ಅದನ್ನು ಒಪ್ಪಿಗೆ ಎನ್ನಬಹುದೇ?
ಅರ್ಜಿ ಕಳಿಸಿಲ್ಲ. ನಾಳೆ ಅವಳ ಮಗಳು ಬರುತ್ತಾಳೆ, ಪಿಯುಸಿ ಓದುತ್ತಿದ್ದಾಳೆ. ಅವಳೂ ಒಮ್ಮೆ ಓದಲಿ.