ನಲವತ್ತೊಂದು ಯೂನಿಟ್

ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಮೀಟರು ಇತ್ತು. ಕರಿ ಡಬ್ಬಿ, ಮುಂದೆ ಗಾಜು, ಗಾಜಿನ ಹಿಂದೆ ಅಡ್ಡಕ್ಕೆ ಮಲಗಿ ತಿರುಗುವ ಅಲ್ಯೂಮಿನಿಯಂ ಚಕ್ರ. ಚಕ್ರದ ಅಂಚಿಗೆ ಒಂದು ಗುರುತು. ಅದು ಒಂದು ಸುತ್ತು ಹೋಗಿ ಮತ್ತೆ ಕಾಣಿಸಿಕೊಳ್ಳುವುದರೊಳಗೆ ಎಷ್ಟು ಎಣಿಸಬಹುದು ಎಂಬುದು ನನಗೂ ಅಣ್ಣನಿಗೂ ಆಟ. ಅಪ್ಪ ಇಸ್ತ್ರಿಪೆಟ್ಟಿಗೆ ಹಾಕಿದ ದಿನ ಅದು ಬುಗುರಿಯ ಹಾಗೆ ಓಡುತ್ತಿತ್ತು. ಅಪ್ಪ ಅಂಗಿಗಿಂತ ಹೆಚ್ಚಾಗಿ ಚಕ್ರವನ್ನೇ ನೋಡುತ್ತಿದ್ದರು. ಎರಡು ಅಂಗಿ, ಒಂದು ಪಂಚೆ ಮುಗಿಯುತ್ತಿದ್ದಂತೆ ಪ್ಲಗ್ಗು ಕಿತ್ತು, ಉಳಿದ ಬಿಸಿಯಲ್ಲಿ ಕರ್ಚೀಫುಗಳನ್ನು ಒತ್ತುತ್ತಿದ್ದರು.

ಮೀಟರಿನ ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕಿದ ರಟ್ಟಿನ ಕಾರ್ಡು. ಮೀಟರ್ ರೀಡರು ಬಂದು ಸ್ಟೂಲು ಕೇಳಿ, ಹತ್ತಿ, ನೋಡಿ, ಅದರಲ್ಲಿ ಬರೆದು, ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಹೋದ ತಿಂಗಳ ಅಂಕಿ, ಈ ತಿಂಗಳ ಅಂಕಿ, ಕಳೆದರೆ ಯೂನಿಟ್ಟು. ಅದಕ್ಕೆ ದರ, ಮೇಲೆ ಮೀಟರ್ ಬಾಡಿಗೆ, ತೆರಿಗೆ. ಐದನೇ ಕ್ಲಾಸಿನ ಹುಡುಗ ಮಾಡಬಹುದಾದ ಲೆಕ್ಕ. ಐದನೇ ಕ್ಲಾಸಿನಲ್ಲಿದ್ದಾಗ ನಾನೇ ಮಾಡುತ್ತಿದ್ದೆ. ಬಿಲ್ಲು 20 ರೂಪಾಯಿ ದಾಟಿತೆಂದರೆ ಆ ರಾತ್ರಿ ಮನೆಯಲ್ಲಿ ವಿಚಾರಣೆ.

ಹಾಗಂತ ಕರೆಂಟೇನು ಧಾರಾಳವಾಗಿ ಇರಲಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅಲ್ಲಿಯವರೆಗೆ ರಾಜ್ಯ ಬಹುಮಟ್ಟಿಗೆ ನೀರಿನ ಕರೆಂಟನ್ನೇ ನಂಬಿತ್ತು, ಆಮೇಲೂ ಎಷ್ಟೋ ವರ್ಷ ನೀರಿನ ಮುಖವನ್ನೇ ನೋಡುತ್ತಿತ್ತು. ನಮ್ಮ ತಾಲ್ಲೂಕಿನಲ್ಲೇ ಇದ್ದ ಲಿಂಗನಮಕ್ಕಿ ಜಲಾಶಯದ ಮಟ್ಟ ಪೇಪರಿನಲ್ಲಿ ದಿನಾ ಬರುತ್ತಿತ್ತು. ಗರಿಷ್ಠ 1819 ಅಡಿ. ನಮಗೆ ಮಗ್ಗಿಯ ಜೊತೆಗೇ ಬಾಯಿಪಾಠ ಆಗಿದ್ದ ಸಂಖ್ಯೆ ಅದು. ಮಟ್ಟ ಇಳಿದರೆ ಲೋಡ್ ಶೆಡ್ಡಿಂಗ್, ಸಂಜೆ ಓದುವ ಹೊತ್ತಿಗೆ ಸರಿಯಾಗಿ. ಜೋಗದ ಮಗ್ಗುಲಲ್ಲಿದ್ದುಕೊಂಡು ಚಿಮಣಿ ಬುಡ್ಡಿ ಒರೆಸುವುದು ನಮಗೇನೂ ವಿಚಿತ್ರ ಅನಿಸಿರಲಿಲ್ಲ. ನನ್ನ ಕ್ಲಾಸಿನಲ್ಲಿ ಹಿನ್ನೀರಿನ ಆಚೆಯ ಹಳ್ಳಿಗಳಿಂದ ಬಂದ ಇಬ್ಬರು ಹುಡುಗರಿದ್ದರು. ಅಣೆಕಟ್ಟಿಗೆ ಜಮೀನು ಬಿಟ್ಟುಕೊಟ್ಟವರ ಮಕ್ಕಳು. ಅವರ ಊರಿಗೆ ಕಂಬವೇ ಬಂದಿರಲಿಲ್ಲ. ನಾವು ಲೋಡ್ ಶೆಡ್ಡಿಂಗ್ ಬಗ್ಗೆ ಗೊಣಗಿದರೆ ಅವರು ಸುಮ್ಮನೆ ನಗುತ್ತಿದ್ದರು.

ಅಪ್ಪನಿಗೆ ಒಂದೇ ಒಂದು ಮೂಢನಂಬಿಕೆ ಇತ್ತು: ಜೀರೋ ಬಲ್ಬು ಕರೆಂಟು ತಿನ್ನುವುದಿಲ್ಲ ಎಂಬುದು. ಹೆಸರಿನಲ್ಲೇ ಸೊನ್ನೆ ಇದೆಯಲ್ಲ! ಹಾಗಾಗಿ ನಡುಮನೆಯಲ್ಲಿ ಅದು ರಾತ್ರಿಯಿಡೀ ಉರಿಯುತ್ತಿತ್ತು. ನಿಜಕ್ಕೂ ಆ ಬಲ್ಬು ಸುಮಾರು 15 ವ್ಯಾಟಿನದು. ರಾತ್ರಿ ಹತ್ತು ಗಂಟೆ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಹೈಸ್ಕೂಲಿನಲ್ಲಿ ಇದನ್ನು ಕಲಿತು ಬಂದು ಹೇಳಿದೆ. ಅವರು ಚಕ್ರದ ಹತ್ತಿರ ಕರೆದೊಯ್ದು ತೋರಿಸಿದರು. ತಿರುಗುತ್ತಿದೆಯೋ ಇಲ್ಲವೋ ತಿಳಿಯದಷ್ಟು ನಿಧಾನ. ವಾದ ಅಲ್ಲಿಗೆ ಮುಗಿಯಿತು. ಉಳಿದ ದೀಪಗಳ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇರಲಿಲ್ಲ. ಕೋಣೆಯಿಂದ ಹೊರಗೆ ಬರುವಾಗ ಕೈ ತಾನಾಗಿ ಸ್ವಿಚ್ಚಿಗೆ ಹೋಗಬೇಕು. ನನಗೆ ಈಗಲೂ ಹೋಗುತ್ತದೆ, ಹೋಟೆಲಿನ ಕೈತೊಳೆಯುವ ಜಾಗದಲ್ಲಿ ಕೂಡ.

ಈಗ ನಾನಿರುವುದು ನಗರದಲ್ಲಿ, ನಾಲ್ಕು ಮನೆಗಳ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿ. ಮೀಟರುಗಳೆಲ್ಲ ಕೆಳಗೆ ಪಾರ್ಕಿಂಗಿನ ಗೋಡೆಗೆ, ಸಾಲಾಗಿ. ಚಕ್ರ ಇಲ್ಲ, ಅಂಕಿ ತೋರಿಸುವ ಗಾಜು, ಪಕ್ಕದಲ್ಲಿ ಮಿಟುಕುವ ಕೆಂಪು ದೀಪ. ರೀಡರು ಬಂದದ್ದು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಕೈಯಲ್ಲಿನ ಯಂತ್ರ ಉಗುಳಿದ ಚೀಟಿಯನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ. ಆ ಚೀಟಿ ಓದುವುದಕ್ಕೆ ಐದನೇ ಕ್ಲಾಸು ಸಾಲದು. ನಿಗದಿತ ಶುಲ್ಕ, ವಿದ್ಯುತ್ ಶುಲ್ಕ, ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ, ತೆರಿಗೆ, ಬಾಕಿ, ಬಡ್ಡಿ, ವರ್ಷಕ್ಕೊಮ್ಮೆ ಹೆಚ್ಚುವರಿ ಠೇವಣಿ. 2025ರ ಏಪ್ರಿಲ್‌ನಿಂದ ಇನ್ನೊಂದು ಸಾಲು: ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ, ಮೊದಲ ವರ್ಷ ಯೂನಿಟ್ಟಿಗೆ 36 ಪೈಸೆ. ಚೀಟಿಯ ಶಾಯಿಯೋ ಮೂರು ತಿಂಗಳಲ್ಲಿ ಮಾಸಿ ಬಿಳಿಯಾಗುತ್ತದೆ. ತಕರಾರು ತೆಗೆಯುವವರು ಅಷ್ಟರೊಳಗೆ ತೆಗೆಯಬೇಕು.

2023ನೇ ಇಸವಿಯನ್ನು ಕರೆಂಟು ಬಿಲ್ಲಿನ ವರ್ಷ ಎಂದೇ ನೆನಪಿಟ್ಟುಕೊಂಡಿದ್ದೇನೆ. ಮೇ 12ಕ್ಕೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿತು, ಅದೂ ಏಪ್ರಿಲ್ 1ರಿಂದ ಪೂರ್ವಾನ್ವಯವಾಗಿ. ಜೂನ್ ಬಿಲ್ಲಿನಲ್ಲಿ ಹಿಂಬಾಕಿಯೂ ಸೇರಿ ಬಂತು. ಆಗ ಮನೆಬಳಕೆಗೆ 100 ಯೂನಿಟ್‌ವರೆಗೆ 4.75 ರೂಪಾಯಿ. 100 ದಾಟಿದರೆ ಅಷ್ಟೂ ಯೂನಿಟ್ಟಿಗೆ 7 ರೂಪಾಯಿ. ಅಂದರೆ ನೂರಕ್ಕೆ 475, ನೂರಾಒಂದಕ್ಕೆ 707. ಆ ಒಂದೇ ಯೂನಿಟ್ಟಿನ ಬೆಲೆ 232 ರೂಪಾಯಿ! ಅಪ್ಪ ಇದ್ದಿದ್ದರೆ ಈ ದರಪಟ್ಟಿಯನ್ನು ದೇವರ ಗೂಡಿನ ಪಕ್ಕ ಅಂಟಿಸುತ್ತಿದ್ದರು.

ನಮ್ಮ ಮನೆಯಲ್ಲಿ ನೂರರ ಚಿಂತೆಯೇ ಇರಲಿಲ್ಲ. ನಮಗೆ ತಿಂಗಳಿಗೆ 210, 215 ಬರುತ್ತಿತ್ತು. ಮೂರೇ ಜನ, ಎಸಿ ಇಲ್ಲ, ಬಿಸಿನೀರಿಗೆ ಬಹುಪಾಲು ಸೋಲಾರು. ಹೆಂಡತಿ ಮಗಳನ್ನು ದೂರಿದಳು, ಮಗಳು ಹಳೆಯ ಫ್ರಿಜ್ಜನ್ನು ದೂರಿದಳು. ಫ್ರಿಜ್ಜು ಬದಲಾಯಿಸಿದೆವು. ಎಲ್ಲ ಬಲ್ಬೂ ಎಲ್‌ಇಡಿ ಮಾಡಿದೆವು. ಬಿಲ್ಲು ಕದಲಲಿಲ್ಲ. ಅದೇ ಹೊತ್ತಿಗೆ ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಂತು. 2022-23ರ ಸರಾಸರಿ 200 ಯೂನಿಟ್ಟಿನೊಳಗೆ ಇದ್ದವರಿಗೆ, ಆ ಸರಾಸರಿಯ ಮೇಲೆ ಶೇಕಡ 10 ಸೇರಿಸಿ ಉಚಿತ. ನಮ್ಮ ಸರಾಸರಿ 214 ಎಂದು ಹೊರಗುಳಿದೆವು. ಮೇಲಿನ ಮನೆಯವರಿಗೆ ಆಗಸ್ಟಿನಲ್ಲಿ ಸೊನ್ನೆ ಬಿಲ್ಲು ಬಂತು. ಅವರು ಅದನ್ನು ಲಿಫ್ಟಿನಲ್ಲಿ ನನಗೆ ತೋರಿಸಿದರು. ಅವರ ಮನೆಯಲ್ಲಿ ಎರಡು ಫ್ರಿಜ್ಜು, ಎರಡು ಹೊತ್ತು ಗೀಸರು, ಹಗಲೂ ರಾತ್ರಿ ಮೋಟಾರು ಓಡುವ ಮೀನಿನ ತೊಟ್ಟಿ. ಆದರೂ ಅವರ ಸರಾಸರಿ 118.

ಗುಟ್ಟು ಬಿಟ್ಟುಕೊಟ್ಟದ್ದು ದಸರಾ ರಜೆ. ಫ್ರಿಜ್ಜು ಖಾಲಿ ಮಾಡಿ, ಮೇನ್ ಸ್ವಿಚ್ಚು ಆರಿಸಿ ಹನ್ನೆರಡು ದಿನ ಸಾಗರಕ್ಕೆ ಹೋಗಿ ಬಂದೆವು. ಆ ತಿಂಗಳೂ 209. ಸಂಜೆ ಮತ್ತೆ ಮೇನ್ ಆರಿಸಿ ಮಗಳನ್ನು ಕತ್ತಲಲ್ಲಿ ಕೂರಿಸಿ ಕೆಳಗೆ ಹೋದೆ. ನಮ್ಮ ಆರ್‌ಆರ್ ನಂಬರು, ಅಂದರೆ ನಮ್ಮ ಸಂಪರ್ಕದ ಸಂಖ್ಯೆ, ಬರೆದಿದ್ದ ಮೀಟರಿನ ಕೆಂಪು ದೀಪ ಟಪಟಪ ಮಿಟುಕುತ್ತಿದೆ. ಅದರ ಮುಖದ ಮೇಲೆ 3200 ಎಂದು ಅಚ್ಚಾಗಿದೆ; ಅಷ್ಟು ಸಲ ಮಿಟುಕಿದರೆ ಒಂದು ಯೂನಿಟ್ಟು. ಪಕ್ಕದ, ಮೇಲಿನ ಮನೆಯವರ ಮೀಟರಿನ ದೀಪ ಸತ್ತಂತೆ ನಿಂತಿದೆ. ಮಗಳಿಗೆ ಫೋನು ಮಾಡಿ ಮೇನ್ ಹಾಕಿಸಿದೆ. ಸತ್ತದ್ದು ಮಿಟುಕತೊಡಗಿತು. ಕಟ್ಟಡ ಕಟ್ಟುವಾಗ ವೈರಿಂಗಿನವನು ಎರಡು ಮನೆಗಳ ತಂತಿಯನ್ನು ಅದಲುಬದಲು ಮಾಡಿದ್ದ. ಎರಡೂವರೆ ವರ್ಷ ಅವರ ಮೀನುಗಳಿಗೆ ಉಸಿರು ಕೊಟ್ಟವನು ನಾನು. ನಮ್ಮ ಜಿಪುಣತನದ ಫಲ ಅವರಿಗೆ ಸೊನ್ನೆ ಬಿಲ್ಲಾಗಿ ಸಂದಿತ್ತು.

ಕಚೇರಿಗೆ ಹೋದೆ. ಅಲ್ಲಿನ ಎಂಜಿನಿಯರು ಸೌಮ್ಯ ಮನುಷ್ಯ. ಕುರ್ಚಿ ತೋರಿಸಿ ಹೇಳಿದರು: “ಮೀಟರಿನವರೆಗೆ ನಮ್ಮದು ಸಾರ್, ಅಲ್ಲಿಂದಾಚೆ ನಿಮ್ಮದು. ಮೀಟರು ಸರಿಯಾಗೇ ಓದಿದೆಯಲ್ಲ?” ಓದಿದೆ, ನಿಜ. ಬೇರೆಯವರ ಮನೆಯನ್ನು ಓದಿದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ತಂತಿ ಬದಲಾಯಿಸಿದ್ದು ಅರ್ಧ ಗಂಟೆಯ ಕೆಲಸ. ದುಡ್ಡಿನ ಲೆಕ್ಕಕ್ಕೆ ಮೂರು ವಾರ ಹಿಡಿಯಿತು. ಹಳೆಯ ಬಿಲ್ಲುಗಳ ಅಂಕಿಯನ್ನೆಲ್ಲ ತೆಗೆಸಿ, ತಿಂಗಳುವಾರು ವ್ಯತ್ಯಾಸ ಕೂಡಿ 18,400 ರೂಪಾಯಿ ಎಂದು ಬರೆದು ಕೊಟ್ಟೆ. ಮೇಲಿನವರು ತಮ್ಮ ತಪ್ಪೇನಿದೆ ಎಂದರು, ಅದೂ ನಿಜವೇ. ಕೊನೆಗೆ 9,000ಕ್ಕೆ ಒಪ್ಪಂದವಾಯಿತು. ಈಗ ಲಿಫ್ಟಿನಲ್ಲಿ ಸಿಕ್ಕರೆ ಇಬ್ಬರೂ ಮೊಬೈಲು ನೋಡಿಕೊಳ್ಳುತ್ತೇವೆ.

ತಂತಿ ಸರಿಹೋದರೂ ಗೃಹಜ್ಯೋತಿಯ ಲಾಭ ಯಾರಿಗೂ ಸಿಗಲಿಲ್ಲ, ಇದು ಕತೆಯ ಸೊಗಸು. ಸರಾಸರಿ ಅಂಟಿಕೊಂಡಿರುವುದು ಆರ್‌ಆರ್ ನಂಬರಿಗೆ. ನಮ್ಮ ನಂಬರಿನ ಹೆಸರಲ್ಲಿ 214 ಹಾಗೇ ಕೂತಿದೆ. ಈಗ 118 ಉರಿಸಿದರೂ ಉಚಿತವಿಲ್ಲ. ಅವರ ನಂಬರಿಗೆ 129 ಯೂನಿಟ್ ಉಚಿತ ಮಂಜೂರಾಗಿದೆ, ಆದರೆ ಉರಿಸುವುದು 200ಕ್ಕಿಂತ ಹೆಚ್ಚು. 200 ದಾಟಿದ ತಿಂಗಳು ಪೂರ್ತಿ ಬಿಲ್ಲು. ಮರುಪರಿಶೀಲನೆಗೆ ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿಯ ಮೊಹರು ಚೆನ್ನಾಗಿ ಮೂಡಿದೆ.

ತಂತಿ ಬದಲಾದ ಮೇಲೆ ಬಿಲ್ಲು ಎಷ್ಟು ಬರುತ್ತದೆ ಎಂದು ಅಣ್ಣ ಕೇಳಿದ. ಅವನಿಗೂ ಲೆಕ್ಕದ ಚಪಲ. 2025ರ ದರದಲ್ಲಿ ಯೂನಿಟ್ಟಿಗೆ 5.80, 118ಕ್ಕೆ 684 ರೂಪಾಯಿ. ಪಿಂಚಣಿಯ ಸಾಲು 42. ತೆರಿಗೆ ಶೇಕಡ 9, ಸುಮಾರು 62. ನಿಗದಿತ ಶುಲ್ಕ ಕಿಲೋವ್ಯಾಟಿಗೆ 145. ಬಿಲ್ಡರು ನಮ್ಮ ಮನೆಗೆ 4 ಕಿಲೋವ್ಯಾಟು ಬರೆಸಿದ್ದಾನೆ, 580. ಒಟ್ಟು 1,368. ಅಪ್ಪನ ಕಟ್ಟುನಿಟ್ಟಿನಲ್ಲಿ ಬದುಕಿ ಬಳಕೆಯನ್ನು ಅರ್ಧಕ್ಕೆ ಇಳಿಸಿದೆವು ಅನ್ನಿ. ಉಳಿಯುವುದು 394 ರೂಪಾಯಿ. ಬಿಲ್ಲು ಅರ್ಧವಾಗುವುದಿಲ್ಲ. ಸ್ವಿಚ್ಚು ಆರಿಸುವ ಬೆರಳು 580 ರೂಪಾಯಿಯನ್ನು ಮುಟ್ಟಲಾರದು. ಅದನ್ನು ಇಳಿಸಬೇಕಾದರೆ ಮಂಜೂರಾದ ಲೋಡನ್ನೇ ಕಡಿಮೆ ಮಾಡಿಸಬೇಕು, ಅದಕ್ಕೆ ಇನ್ನೊಂದು ಅರ್ಜಿ. ಕಂಬ, ತಂತಿ, ಟ್ರಾನ್ಸ್‌ಫಾರ್ಮರು ನಾನು ದೀಪ ಹಾಕಿದರೂ ಹಾಕದಿದ್ದರೂ ನಿಂತಿರಲೇಬೇಕು, ಅದರ ಖರ್ಚನ್ನು ಯಾರಾದರೂ ಕೊಡಲೇಬೇಕು ಎಂಬ ವಾದ ನನಗೆ ಅರ್ಥವಾಗುತ್ತದೆ. ಹಿಂದೆ ಲಿಂಗನಮಕ್ಕಿ ಬತ್ತಿದರೆ ದೀಪ ಆರುತ್ತಿತ್ತು. ಈಗ ದೀಪ ಆರುವುದು ಅಪರೂಪ. ಕಲ್ಲಿದ್ದಲು ತುಟ್ಟಿಯಾದರೆ ಹೊಂದಾಣಿಕೆಯ ಸಾಲಿನಲ್ಲಿ ಪೈಸೆ ಏರುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ಬಿಲ್ಲನ್ನೇ ಆರಿಸಿಕೊಂಡೇನು. ಚಿಮಣಿಯ ಮಸಿ ಮೂಗಿನೊಳಗೆ ಕೂತದ್ದನ್ನು ನಾನು ಮರೆತಿಲ್ಲ.

ಆದರೆ ಉಳಿತಾಯಕ್ಕೂ ಬಿಲ್ಲಿಗೂ ಇದ್ದ ನೇರ ಸಂಬಂಧ ತಪ್ಪಿಹೋಗಿದೆ, ಅದರ ಪೂರ್ಣ ವಿವರಣೆ ಬೇಕಾದವರು ಸಾಗರಕ್ಕೆ ಹೋಗಿ ನನ್ನ ಅಮ್ಮನನ್ನು ಕೇಳಬೇಕು. ಅಪ್ಪ ಹೋದ ಮೇಲೆ ಅವರು ಒಬ್ಬರೇ. ಅಪ್ಪನ ನಿಯಮಗಳನ್ನೆಲ್ಲ ಇನ್ನೂ ಪಾಲಿಸುತ್ತಾರೆ, ಜೀರೋ ಬಲ್ಬಿನ ಸಮೇತ. ಸ್ನಾನಕ್ಕೆ ಬಚ್ಚಲೊಲೆ, ಅಡಿಕೆ ಸಿಪ್ಪೆ. ಅವರ ಸರಾಸರಿ 31 ಯೂನಿಟ್. ಶೇಕಡ 10 ಸೇರಿಸಿ ಸಿಕ್ಕ ಉಚಿತ 34. ಎದುರುಮನೆಯವರು 170 ಉರಿಸಿದ್ದರು, ಅವರಿಗೆ 187. “ಅಲ್ಲ ಮಾರಾಯ, ಉಳಿಸಿದವರಿಗೆ ಮೂರು, ಉರಿಸಿದವರಿಗೆ ಹದಿನೇಳು. ಇದ್ಯಾವ ಸೀಮೆ ಲೆಕ್ಕ?” ಎಂದು ಫೋನಿನಲ್ಲಿ ಕೇಳಿದರು. ಹಾಗೆ ಕೇಳಿದವರು ಬಹಳ ಮಂದಿ ಇದ್ದಿರಬೇಕು. 2024ರ ಜನವರಿಯಲ್ಲಿ ಸರ್ಕಾರ 48 ಯೂನಿಟ್ಟಿಗಿಂತ ಕಡಿಮೆ ಬಳಸುವವರಿಗೆ ಶೇಕಡ 10ರ ಬದಲು 10 ಯೂನಿಟ್ ಎಂದು ತಿದ್ದಿತು. ಅಮ್ಮನದು 41 ಆಯಿತು.

ಜಗಲಿಯ ಚಕ್ರದ ಮೀಟರು ಯಾವತ್ತೋ ಹೋಯಿತು, ಅದೇ ಮೊಳೆಗೆ ಈಗ ಅಂಕಿಯ ಮೀಟರು. ಅಮ್ಮ ದಿನಾ ಸಂಜೆ ಟಾರ್ಚು ಬಿಟ್ಟು ನೋಡಿ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುತ್ತಾರೆ. ಹೋದ ತಿಂಗಳು ನಾನು ಅಲ್ಲಿದ್ದೆ. ರೀಡರು ಬರಲು ನಾಲ್ಕು ದಿನ ಇತ್ತು. ಅಮ್ಮ ಕ್ಯಾಲೆಂಡರ್ ನೋಡಿ, ಬೆರಳಲ್ಲಿ ಎಣಿಸಿ, ಅಟ್ಟದ ಮೇಲಿಂದ ನೀರು ಕಾಯಿಸುವ ಹೀಟರನ್ನು ಇಳಿಸಿಕೊಡು ಎಂದರು. ಅದು ಅಪ್ಪ ಕೊಂಡು ಒಮ್ಮೆ ಬಳಸಿ, ಚಕ್ರ ನೋಡಿ ಗಾಬರಿಯಾಗಿ ಎತ್ತಿಟ್ಟದ್ದು.

“ಒಲೆ ಇದೆಯಲ್ಲಮ್ಮ?”

“ಐದು ಯೂನಿಟ್ ಉಳಿದಿದೆ. ಬಿಟ್ಟರೆ ಮುಂದಿನ ತಿಂಗಳಿಗೆ ಕೊಡ್ತಾರಾ? ಹಾಕು.”