ಮಾತಾಡುವಷ್ಟು ಉಸಿರು

ನವೆಂಬರ್ 2, ರವಿವಾರ
ವಿಜಯಪುರದಿಂದ ಕೊಲ್ಹಾರ ಸೇತುವೆ ತನಕ ಹೋಗಿ ಬಂದೆ. ನಾಡಿ 130 ದಾಟಬಾರದು ಅಂತ ನನಗೆ ನಾನೇ ಹಾಕಿಕೊಂಡ ಕಟ್ಟು. ಸಣ್ಣ ಏರು ಬಂದರೂ ದಾಟುತ್ತದೆ. ಗೇರ್ ಇಳಿಸು, ತೆವಳು. ಹಾಸ್ಟೆಲ್ಲಿನ ಸೈಕಲ್ ಹುಡುಗರು ಸಾಲಾಗಿ ದಾಟಿ ಹೋದರು. ಕೊನೆಯವನು ತಿರುಗಿ, "ಸರ್ರ, ಪಂಚರ್ ಆಗೇತೇನ್ರಿ?" ಉಸಿರು ಕಟ್ಟದೆ ಪೂರ್ತಿ ವಾಕ್ಯ ಆಡಲು ಬಂದರೆ ವೇಗ ಸರಿಯಿದೆ ಅಂತ ಲೆಕ್ಕ. ಉಸಿರೇನೋ ಇತ್ತು, ವಾಕ್ಯವೇ ಹೊಳೆಯಲಿಲ್ಲ.

ನವೆಂಬರ್ 5, ರಾತ್ರಿ
ಸ್ಟೀಫನ್ ಸೀಲರ್ ಬರೆದದ್ದನ್ನು ಮತ್ತೆ ಓದಿದೆ. ನಾರ್ವೆಯಲ್ಲಿ ನೆಲೆಸಿದ ಅಮೆರಿಕದ ಶರೀರವಿಜ್ಞಾನಿ. ದೊಡ್ಡ ಆಟಗಾರರ ತಾಲೀಮಿನಲ್ಲಿ ಅವನು ಕಂಡದ್ದು: 10 ಸಲದಲ್ಲಿ ಸುಮಾರು 8 ಹಗುರ, ಉಳಿದದ್ದು ಕಠಿಣ. ರಕ್ತದ ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್ ಒಳಗಿದ್ದರೆ ಹಗುರ, 4 ದಾಟಿದರೆ ಕಠಿಣ, ಹೆಚ್ಚುಕಡಿಮೆ. ನನಗೆ ಇಷ್ಟವಾದದ್ದು ಎರಡರ ನಡುವಿನದು. ಬೆವರು ಸುರಿಯುತ್ತದೆ, ದುಡಿದೆ ಅನ್ನಿಸುತ್ತದೆ.

ಆದರೆ ಆ ಆಟಗಾರರು ವಾರಕ್ಕೆ 20 ತಾಸು ತಾಲೀಮು ಮಾಡುವ ಜನ. ನನಗೆ ಶಾಲೆಯಿದೆ, ಸಿಗುವುದು ಏಳೋ ಎಂಟೋ ತಾಸು. ಅವರ ಪಾಲು ನನಗೆ ಹೊಂದುತ್ತದೆಯೆ?

ನವೆಂಬರ್ 13, ಗುರುವಾರ
ಸೋಲಾಪುರ ರಸ್ತೆ. 4 ನಿಮಿಷದ ಕಠಿಣ ಸುತ್ತು, ನಡುವೆ 3 ನಿಮಿಷ ಬಿಡುವು. ಮೂರನೆಯದರಲ್ಲಿ ನಾಡಿ 171. ಬಾಯಲ್ಲಿ ಕಬ್ಬಿಣದ ರುಚಿ. ಪ್ರತಿ ಬಡಿತಕ್ಕೂ ತುಸು ಹೆಚ್ಚು ರಕ್ತ ನೂಕಲು ಹೃದಯ ಪಳಗುವುದು ಇಂಥದ್ದರಲ್ಲೇ ಅಂತಾರೆ. ಇರಬಹುದು. ನನಗೆ ವಾಂತಿ ಬರುವುದೊಂದು ಬಾಕಿ.

ನವೆಂಬರ್ 14
ಶಾಲೆಯ ಮೆಟ್ಟಿಲು ಕಟಾಂಜನ ಹಿಡಿದು ಇಳಿದೆ.

ನವೆಂಬರ್ 22
ಮನೆಯಾಕೆ: "ಇಷ್ಟ್ ಸಾವಕಾಶ ಹೋಗೂದಿದ್ರ ಒಂದ್ ಗಡಿಗಿ ಮೊಸರರ ತರ್ರಿ." ತಂದೆ. ಕೊಲ್ಹಾರದ ಗಟ್ಟಿ ಮೊಸರು, ಬೆನ್ನ ಚೀಲದಲ್ಲಿ. ನಾಡಿ 126. ಗಡಿಗೆಯ ಭಯದ ಮುಂದೆ ಯಾವ ಗಡಿಯಾರವೂ ಬೇಡ.

ಡಿಸೆಂಬರ್ 7
ಬರುವಾಗ ಎದುರುಗಾಳಿ. ತಾಸಿಗೆ 17 ಕಿ.ಮೀ. ಜೋಳದ ಹೊಲ ಮುಗಿಯುವುದೇ ಇಲ್ಲ. ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು, ಅದರ ಮರೆಗೆ ಸೇರಿಕೊಂಡು ಜೋರು ತುಳಿದೆ. ನಾಡಿ 150. ಅದೇ ನಡುವಿನ ವೇಗ. ಎಂಥ ಸುಖ!

ಡಿಸೆಂಬರ್ 17
600 ಕಿ.ಮೀ. ಬ್ರೆವೆಗೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, 40 ತಾಸು. ಅಷ್ಟು ಹೊತ್ತು ಸ್ನಾಯು ಕೊಬ್ಬು ಸುಟ್ಟು ಗ್ಲೈಕೋಜೆನ್ ಉಳಿಸಬೇಕು. ಹಾಗಾದರೆ ಹಗುರವೇ ಸಾಕಲ್ಲ, ಗುರುವಾರದ ಆ ಯಾತನೆ ಯಾಕೆ? ಮೇಲಿನ ಮಿತಿ ಏರಿದರೆ ಕೆಳಗಿನದು ಇನ್ನಷ್ಟು ಹಗುರವಾಗುತ್ತದಂತೆ. ಕಾಗದದ ಮೇಲೆ ಒಪ್ಪುತ್ತೇನೆ.

ಡಿಸೆಂಬರ್ 28
ಕೊಲ್ಹಾರ. ನಾಡಿ 128, ವೇಗ ನವೆಂಬರಿಗಿಂತ 2 ಕಿ.ಮೀ. ಜಾಸ್ತಿ. ಸ್ನಾಯುವಿನೊಳಗೆ ಮೈಟೊಕಾಂಡ್ರಿಯಾ ಹೆಚ್ಚಿದವೋ, ಬರೀ ಚಳಿಯೋ? ಬಿಸಿಲಲ್ಲಿ ಮೈ ತಂಪು ಮಾಡಲು ರಕ್ತ ಚರ್ಮದ ಕಡೆ ಹರಿದು ನಾಡಿ ಏರುತ್ತದೆ. ಇವತ್ತು ಗಾಳಿಯೂ ಬಿದ್ದಿತ್ತು. ಮಾರ್ಚಿನಲ್ಲಿ ಇನ್ನೊಮ್ಮೆ ಅಳೆಯಬೇಕು. ಗುರುವಾರದ ಸುತ್ತು ನಾಲ್ಕೋ ಐದೋ, ಇನ್ನೂ ತೀರ್ಮಾನಿಸಿಲ್ಲ.