ಗಾಲಿಯ ವಿಷಯದಲ್ಲಿ ನಾವಾಡಿದ ಮಾತು

ಪ್ರವಚನಕ್ಕೆಂದು ಊರೂರು ತಿರುಗುವವರಿಗೆ ಒಂದು ಅಪಾಯವಿದೆ. ಷಟ್‌ಸ್ಥಲದ ವಿಚಾರವನ್ನು ನಾಲ್ಕಕ್ಷರ ಬಲ್ಲವರು ಸರ್ವವನ್ನೂ ಬಲ್ಲರೆಂದು ಭಕ್ತರು ಭಾವಿಸಿಬಿಡುತ್ತಾರೆ. ಮಗಳ ಲಗ್ನ, ಹೊಲದ ವ್ಯಾಜ್ಯ, ಮಂಡಿನೋವಿನ ಔಷಧ, ಎಲ್ಲವೂ ನಮ್ಮ ಮುಂದೆ ಬರುತ್ತವೆ. ನಾವೂ ಬಾಯಿ ಕಟ್ಟಿಕೊಂಡು ಕೂಡುವವರಲ್ಲ. ಮಾತಾಡುವುದೇ ನಮ್ಮ ಕಾಯಕವಾಗಿರುವಾಗ ಎಲ್ಲಿ ನಿಲ್ಲಿಸಬೇಕೆಂಬುದು ಮರೆತುಹೋಗುತ್ತದೆ. 2023ರ ಶರತ್ಕಾಲದಲ್ಲಿ ಅಮೆರಿಕೆಯ ಓಹಾಯೋ ರಾಜ್ಯದಲ್ಲಿ ನಾವು ಹಾಗೆ ಆಡಿದ ಒಂದು ಮಾತಿನ ಕಥೆಯನ್ನು ಸಂಕೋಚಪಡುತ್ತಲೇ ಬರೆಯುತ್ತಿದ್ದೇವೆ. ಮಗನೋ ಮಗಳೋ ಆ ದೇಶದಲ್ಲಿರುವ ಮನೆತನಗಳು ಈಗ ನಮ್ಮ ಸಮಾಜದಲ್ಲಿ ಕಡಿಮೆಯೇನಿಲ್ಲ. ಅವರಿಗಾದರೂ ಇದು ಉಪಯೋಗಕ್ಕೆ ಬಂದೀತು.

ಕ್ಲೀವ್‌ಲ್ಯಾಂಡ್ ನಗರದ ಪೂರ್ವಕ್ಕಿರುವ ಒಂದು ಬಡಾವಣೆಯಲ್ಲಿ ನಮ್ಮ ವಸತಿ. ಆತಿಥೇಯರು ಗದಗ ಸೀಮೆಯವರು, ಕಂಪ್ಯೂಟರ್ ಎಂಜಿನಿಯರು. ಅವರ ಮನೆಯವರು ಆಸ್ಪತ್ರೆಯಲ್ಲಿ ವೈದ್ಯೆ, ವಾರಕ್ಕೆರಡು ರಾತ್ರಿಪಾಳಿ. ಹತ್ತು ವರ್ಷದ ಒಬ್ಬಳೇ ಮಗಳು. ಎಷ್ಟೇ ಅವಸರವಿದ್ದರೂ ಇಷ್ಟಲಿಂಗ ಪೂಜೆ ತಪ್ಪಿಸದ ಮನೆ. ಬಾಗಿಲಲ್ಲಿ ಲೆಕ್ಸಸ್ ಆರ್‌ಎಕ್ಸ್ 350 ಎಂಬ ದೊಡ್ಡ ವಾಹನ, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹರಿಯುವ ಬಗೆಯದು. ತೊಗಲಿನ ಆಸನ, ಆಸನದೊಳಗೇ ಬಿಸಿ. ನಾವು ಇಲ್ಲಿ ಮಲಗುವ ಹಾಸಿಗೆಗಿಂತ ಅದೇ ಮೆತ್ತಗೆ!

ನವೆಂಬರ್ ಮೊದಲ ವಾರ ಅದರ ಒಂದು ಟೈರಿನ ಪಕ್ಕೆಗೆ ಮೊಳೆ ಹೊಕ್ಕಿತು. ನೆಲಕ್ಕೆ ತಾಗುವ ನಡುಭಾಗದಲ್ಲಿ ಚುಚ್ಚಿದ್ದರೆ ಪಂಕ್ಚರ್ ಹಾಕಬಹುದಿತ್ತು. ಪಕ್ಕೆಯಾದರೋ ಗಾಲಿ ಉರುಳುವಾಗಲೆಲ್ಲ ಬಾಗಿ ಏಳುವ ಭಾಗ. ಅಲ್ಲಿ ತೇಪೆ ನಿಲ್ಲುವುದಿಲ್ಲ. ಅಂಗಡಿಯವರು ಫೋನಿನಲ್ಲೇ, ಈ ಬಗೆಯ ವಾಹನಕ್ಕೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದೆಂದರು. ಯಜಮಾನರು ನಮ್ಮ ಬಳಿ ಬಂದು, "ಶಾಸ್ತ್ರಿಗಳೇ, ಕೆಟ್ಟಿದ್ದು ಒಂದು, ನಾಕೂ ತಗೀರಿ ಅಂತಾರ. ಸಾವಿರ ಡಾಲರ್ ಮ್ಯಾಲೆ ಬೀಳತೈತಿ. ಏನ್ ಮಾಡೂದ್ರಿ?" ಎಂದರು.

ನಾವು ಬೆಳೆದದ್ದು ಮಠದ ಅನ್ನದಲ್ಲಿ. ಎಡೆಯಲ್ಲಿ ಒಂದು ಅಗುಳು ಬಿಟ್ಟರೂ ಹಿರಿಯರ ಕಣ್ಣು ಕೆಂಪಾಗುತ್ತಿತ್ತು. ಪಾದರಕ್ಷೆಗೆ ಮೂರು ಸಲ ಅಟ್ಟೆ ಹಾಕಿಸಿದ ಮೇಲೆಯೇ ಹೊಸದರ ಮಾತು. ಆ ಸಂಸ್ಕಾರವೇ ಬಾಯಿಂದ ಹೊರಬಿತ್ತು. "ಒಂದು ಕೆಟ್ಟದ್ದಕ್ಕೆ ಮೂರನ್ನು ಎಸೆಯುವುದು ಯಾವ ನ್ಯಾಯ? ಜೋಡಿ ಬೇಕೆಂದರೆ ಎರಡು ಹಾಕಿಸಿ. ಮಾರುವವನು ನಾಲ್ಕು ಹೇಳದೆ ಒಂದು ಹೇಳುತ್ತಾನೆಯೆ?" ಎಂದೆವು. ಒಳಗಿನಿಂದ ಆ ತಾಯಿ, "ಇನ್ನ ಹಿಮ ಬೀಳೂ ಕಾಲ ಬಂತು, ಒಂದೀಟು ವಿಚಾರ ಮಾಡ್ರಿ" ಎಂದರು. ಆ ಮಾತಿಗೆ ನಾವಿಬ್ಬರೂ ಉತ್ತರ ಕೊಡಲಿಲ್ಲ. "ಶಾಸ್ತ್ರಿಗಳು ಹೇಳಿದ ಮ್ಯಾಲೆ ಮುಗೀತು" ಎಂದು ಯಜಮಾನರು ಬೇರೊಂದು ಅಂಗಡಿಗೆ ಹೋಗಿ ಎರಡೇ ಟೈರು ಕೊಂಡರು. ಮುಂದಿನ ಗಾಲಿಗಳೇ ದಾರಿ ಹಿಡಿಯುವುವೆಂದು ತಿಳಿದು, ತಾವೇ ಹೇಳಿ ಹೊಸವನ್ನು ಮುಂದಕ್ಕೂ ಹಳೆಯವನ್ನು ಹಿಂದಕ್ಕೂ ಹಾಕಿಸಿದರು.

ಆ ಸೀಮೆಯ ಹಿಮದ ಬಗೆಯೇ ಬೇರೆ. ಉತ್ತರಕ್ಕೆ ಈರಿ ಎಂಬ ಮಹಾಸರೋವರವಿದೆ. ಚಳಿಗಾಲದ ಮೊದಲಲ್ಲಿ ಅದರ ನೀರು ಇನ್ನೂ ಬೆಚ್ಚಗಿರುತ್ತದೆ. ಅದರ ಮೇಲೆ ಹಾಯ್ದು ಬರುವ ಶೀತಗಾಳಿ ತೇವವನ್ನು ಹೀರಿಕೊಂಡು ದಂಡೆಯ ದಿಬ್ಬಗಳಿಗೆ ಬಂದೊಡನೆ ಹಿಮವಾಗಿ ಸುರಿಸುತ್ತದೆ. ಒಂದು ಊರಿನಲ್ಲಿ ಬಿಸಿಲು, ಹತ್ತು ಮೈಲಿ ಆಚೆಗೆ ಮೊಣಕಾಲುದ್ದ ಬಿಳುಪು. ನವೆಂಬರ್ ಕೊನೆಯ ವಾರದ ಒಂದು ಸಂಜೆ ಹೀಗೇ ಆಯಿತು. ಮನೆಯಲ್ಲಿ ಶಿವಾನುಭವಕ್ಕೆ ಏಳೆಂಟು ಕುಟುಂಬದವರು ನೆರೆದಿದ್ದರು. ಆ ತಾಯಿ ಆಸ್ಪತ್ರೆಯಿಂದ ಹೊರಟು, ಸಂಗೀತದ ಪಾಠಕ್ಕೆ ಹೋಗಿದ್ದ ಮಗಳನ್ನು ಕರೆದುಕೊಂಡು ಬರುವವರಿದ್ದರು. ಏಳೂವರೆಯಾಯಿತು, ಎಂಟಾಯಿತು. ಆಮೇಲೆ ಫೋನು ಬಂದಿತು.

ಇಳಿಜಾರಿನ ತಿರುವಿನಲ್ಲಿ ವಾಹನದ ಹಿಂಭಾಗ ಬದಿಗೆ ಜಾರಿ, ಇಡೀ ಗಾಡಿ ಸುತ್ತು ತಿರುಗಿ, ಬಂದ ದಾರಿಗೇ ಮುಖಮಾಡಿ ಚರಂಡಿಯ ಅಂಚಿನಲ್ಲಿ ನಿಂತಿತ್ತು. ಎದುರಿನಿಂದ ಯಾರೂ ಬರಲಿಲ್ಲವೆಂಬುದೊಂದೇ ಅವರ ಪುಣ್ಯ. ಇಬ್ಬರಿಗೂ ಗಾಯವಾಗಲಿಲ್ಲ. ಮನೆಗೆ ಬಂದ ಮೇಲೆ ಮಗುವಿನ ನಡುಕ ನಿಲ್ಲಲು ಬಹಳ ಹೊತ್ತು ಬೇಕಾಯಿತು. ಯಾರೂ ನಮ್ಮತ್ತ ಬೆರಳು ತೋರಿಸಲಿಲ್ಲ. ಆ ತಾಯಿ ಎಂದಿನಂತೆ ಬಂದು ಪಾದ ಮುಟ್ಟಿ ಶರಣೆಂದಾಗ ಮಾತ್ರ ನಾವು ಪಾದವನ್ನು ಹಿಂದಕ್ಕೆಳೆದುಕೊಂಡೆವು. ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ.

ಶನಿವಾರ ಬೆಳಿಗ್ಗೆ ನಾವೇ ಯಜಮಾನರನ್ನು ಎಬ್ಬಿಸಿ, ನಾಲ್ಕು ಹಾಕಿಸಲು ಹೇಳಿದ ಮೊದಲಿನ ಅಂಗಡಿಗೆ ಹೋಗೋಣವೆಂದೆವು. ಆ ತಾಯಿಯೂ ಬಂದರು. ಅಂಗಡಿಯಾತ ನಮ್ಮ ವಯಸ್ಸಿನವನೇ; ಅಂಗೈ ಗೆರೆಗಳಲ್ಲಿ ತೊಳೆದರೂ ಹೋಗದ ಕಪ್ಪು. ನಮ್ಮ ವಿಭೂತಿಯನ್ನು ಒಮ್ಮೆ ನೋಡಿ, ಏನೂ ಕೇಳದೆ, ಜೇಬಿನಿಂದ ಒಂದು ಸೆಂಟಿನ ನಾಣ್ಯ ತೆಗೆದ. ಅದರ ಮೇಲೆ ಲಿಂಕನ್ನನ ಮುಖವಿದೆ. ನಾಣ್ಯವನ್ನು ತಲೆಕೆಳಗಾಗಿ ಟೈರಿನ ತೋಡಿನಲ್ಲಿಟ್ಟಾಗ ಲಿಂಕನ್ನನ ನೆತ್ತಿ ಪೂರ್ತಿ ಕಂಡರೆ ಆಳ ಅಂಗುಲದ 32ರಲ್ಲಿ 2 ಭಾಗಕ್ಕೆ, ಅಂದರೆ ಸುಮಾರು 1.6 ಮಿಲಿಮೀಟರಿಗೆ, ಇಳಿದಿದೆ ಎಂದರ್ಥ. ಅಲ್ಲಿಯ ಬಹುತೇಕ ರಾಜ್ಯಗಳಲ್ಲಿ ಕಾನೂನಿನ ಕಡೆಯ ಗೆರೆ ಅದೇ. ನಮ್ಮ ಹಿಂದಿನ ಟೈರುಗಳು ಈ ಪರೀಕ್ಷೆಯಲ್ಲಿ ಪಾಸಾದವು! ಆಗ ಆತ 25 ಸೆಂಟಿನ ನಾಣ್ಯ ತೆಗೆದ. ವಾಷಿಂಗ್ಟನ್ನನ ನೆತ್ತಿಗೆ 32ರಲ್ಲಿ 4 ಭಾಗದ ಲೆಕ್ಕ. ಅದು ಕಂಡೂ ಕಾಣದಂತಿತ್ತು. ಹೊಸ ಟೈರಿಗೆ 10ರಷ್ಟಿರುತ್ತದೆ. ಕಾನೂನು 2ಕ್ಕೆ ಬಿಟ್ಟರೂ ಹಿಮಕ್ಕೆ 4 ಸಾಲದೆಂದು ಆತ ಹೇಳಿದ. ತೋಡಿನಲ್ಲಿ ಹಿಮ ತುಂಬಿ ಹಿಡಿದುಕೊಳ್ಳಬೇಕು, ಕರಗಿದ ನೀರು ಹರಿದುಹೋಗಬೇಕು; ತೋಡೇ ಇಲ್ಲದಿದ್ದರೆ ಎರಡೂ ನಡೆಯವು.

ಹೊಸವನ್ನು ಮುಂದೆ ಹಾಕಿಸಿದ್ದೂ ತಪ್ಪೇ ಆಗಿತ್ತು. ಮುಂದಿನವು ರಸ್ತೆಯನ್ನು ಬಿಗಿಯಾಗಿ ಹಿಡಿದವು, ಹಿಂದಿನವು ಬಿಟ್ಟವು; ಗಾಡಿ ಬುಗುರಿಯಾಯಿತು. ಎರಡೇ ಕೊಳ್ಳುವುದು ಅನಿವಾರ್ಯವಾದಾಗ ಹೊಸವು ಹಿಂದಕ್ಕೇ ಹೋಗಬೇಕಂತೆ. ಅದೂ ಇಂಥ ವಾಹನದಲ್ಲಿ ಸಾಲದು. ಸವೆದ ಗಾಲಿಯ ಸುತ್ತಳತೆ ಕಿರಿದು. ಅಷ್ಟೇ ದಾರಿಗೆ ಅದು ಹೆಚ್ಚು ಸುತ್ತು ಸುತ್ತುತ್ತದೆ. ನಾಲ್ಕೂ ಗಾಲಿಗಳನ್ನು ಜೋಡಿಸುವ ಹಲ್ಲುಚಕ್ರಗಳು ಆ ವ್ಯತ್ಯಾಸವನ್ನು ಹಗಲಿರುಳು ನುಂಗಿ ನುಂಗಿ ಬೇಗನೆ ಸವೆಯುತ್ತವೆ. ಅದರ ದುರಸ್ತಿಯ ಮುಂದೆ ನಾಲ್ಕು ಟೈರಿನ ಬೆಲೆ ಏನೂ ಅಲ್ಲ.

ಇದನ್ನು ಕೇಳುತ್ತ ನಮಗೆ ಮಠದ ಹಿತ್ತಲು ಕಣ್ಣಿಗೆ ಬಂದಿತು. ಎತ್ತಿನ ಒಂದು ಕಾಲಿನ ಲಾಳ ಬಿದ್ದರೂ ನಮ್ಮ ಬಂಡಿ ಹೊಡೆಯುವವನು ನಾಲ್ಕು ಕಾಲಿಗೂ ಹೊಸ ಲಾಳ ಕಟ್ಟಿಸುತ್ತಿದ್ದ. ಒಂದು ಸಲ ಬಾಲಬುದ್ಧಿಯಿಂದ ಯಾಕೆಂದು ಕೇಳಿದ್ದೆವು. "ಒಂದು ಹೊಸಾದು ಮೂರು ಹಳೇದು ಆದ್ರ ಎತ್ತು ಕುಂಟತೈತಿ" ಎಂದಿದ್ದ. ಐವತ್ತು ವರ್ಷದ ಹಿಂದೆ ಕಲಿತ ಪಾಠ ಬೇಕಾದ ದಿನ ನೆನಪಿಗೆ ಬಾರದೆ ಹೋಯಿತು.

ಇನ್ನು ಆಯ್ಕೆಯ ಮಾತು. ಟೈರಿನ ಪಕ್ಕೆಯ ಮೇಲೆ ಅದರ ಜಾತಕವೇ ಬರೆದಿರುತ್ತದೆಯೆಂದು ನಮಗೆ ಗೊತ್ತಿರಲಿಲ್ಲ. ಆ ವಾಹನಕ್ಕೆ ಬೇಕಾದದ್ದು 235/65 ಆರ್ 18, 106 ವಿ. ಅಗಲ 235 ಮಿಲಿಮೀಟರ್. ಪಕ್ಕೆಯ ಎತ್ತರ ಅಗಲದ ನೂರಕ್ಕೆ 65. ನಡುವಿನ ಲೋಹದ ಚಕ್ರ 18 ಅಂಗುಲ. 106 ಎಂದರೆ ಒಂದು ಟೈರು 950 ಕಿಲೋ ಹೊರಬಲ್ಲುದು. ವಿ ಎಂಬುದು ಗಂಟೆಗೆ 240 ಕಿಲೋಮೀಟರ್ ವೇಗದ ಮಿತಿ. ಆ ವೇಗದಲ್ಲಿ ಯಾರು ಹೋಗುತ್ತಾರೋ ಶಿವನೇ ಬಲ್ಲ! ಡಿಓಟಿ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 3523 ಎಂದಿದ್ದರೆ 2023ನೆಯ ಇಸವಿಯ 35ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ಸರಕೋ ಅಲ್ಲವೋ ಎಂಬುದು ಇದರಿಂದ ತಿಳಿಯುತ್ತದೆ.

ಆಲ್ ಸೀಸನ್, ಎಂದರೆ ಸರ್ವಋತು, ಎಂಬ ಹೆಸರೇ ಜನರನ್ನು ಮೈಮರೆಸುತ್ತದೆ. ನಾಲ್ವತ್ತು ಮೈಲಿ ದೂರದ ಆಕ್ರನ್ ಊರಿನ ಗುಡ್‌ಇಯರ್ ಕಂಪನಿ 1977ರಲ್ಲಿ ಟಿಯೆಂಪೊ ಎಂಬ ಹೆಸರಿನಲ್ಲಿ ಇಂಥ ರೇಡಿಯಲ್ ಟೈರನ್ನು ಮೊದಲಿಗೆ ತಂದಿತು. (ಆ ಕಂಪನಿಗೆ ಹೆಸರು ಕೊಟ್ಟ ಚಾರ್ಲ್ಸ್ ಗುಡ್‌ಇಯರ್, ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಿದ್ಯೆಯನ್ನು 1839ರಲ್ಲಿ ಕಂಡುಕೊಂಡವನು. ಸಾಲಕ್ಕಾಗಿ ಸೆರೆಮನೆ ಕಂಡು 1860ರಲ್ಲಿ ಸಾಲದಲ್ಲೇ ತೀರಿಕೊಂಡ. 1898ರಲ್ಲಿ ಹುಟ್ಟಿದ ಕಂಪನಿಗೂ ಅವನ ಮನೆತನಕ್ಕೂ ಸಂಬಂಧವೇ ಇಲ್ಲ.) ಚಳಿಗೊಂದು ಜೊತೆ, ಬೇಸಗೆಗೊಂದು ಜೊತೆ ಎಂಬ ತಾಪತ್ರಯವನ್ನು ಈ ಟೈರು ತಪ್ಪಿಸಿತು, ನಿಜ. ಆದರೆ ಎಲ್ಲ ಋತುವಿಗೂ ಒದಗುವ ವಸ್ತು ಯಾವ ಋತುವಿನಲ್ಲೂ ಪರಿಪೂರ್ಣವಾಗಿರದು. ಅದರ ಮೇಲಿರುವ 'ಎಂ+ಎಸ್', ಅಂದರೆ ಕೆಸರು ಮತ್ತು ಹಿಮ, ಎಂಬ ಗುರುತು ತೋಡುಗಳ ವಿನ್ಯಾಸವನ್ನಷ್ಟೇ ನೋಡಿ ಹಾಕುವಂಥದು. ಹಿಮದಲ್ಲಿ ಓಡಿಸಿ ಪರೀಕ್ಷಿಸಿದ್ದಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿರುವ ಇನ್ನೊಂದು ಚಿಹ್ನೆಯಿದೆ; ಅದು 1999ರಿಂದ ಬಂದದ್ದು. ಹಿಮದ ಮೇಲೆ ಎಳೆದು ಪರೀಕ್ಷಿಸಿ, ನಿಗದಿಯಾದ ಮಾದರಿ ಟೈರಿಗಿಂತ ಹೆಚ್ಚಿನ ಹಿಡಿತ ತೋರಿದರೆ ಮಾತ್ರ ಆ ಚಿಹ್ನೆ ಸಿಗುತ್ತದೆ. ಅದೂ ಮುನ್ನುಗ್ಗುವ ಹಿಡಿತದ ಪರೀಕ್ಷೆ. ಬ್ರೇಕಿನದಲ್ಲ, ಗಟ್ಟಿ ಮಂಜುಗಡ್ಡೆಯದೂ ಅಲ್ಲ. ಅಂಗಡಿಯಾತ ಇದನ್ನು ಮುಚ್ಚಿಡದೆ ಹೇಳಿದ. ಮಾರುವವರೆಲ್ಲ ಸುಳ್ಳುಗಾರರೆಂದು ಎಣಿಸಿದ್ದ ನಮಗೆ ನಾಚಿಕೆಯಾಯಿತು.

ಯಜಮಾನರ ಕಣ್ಣು ಮಾತ್ರ ಬೇರೊಂದರ ಮೇಲಿತ್ತು: 80,000 ಮೈಲಿಯ ಭರವಸೆಯುಳ್ಳ, ಸವಕಳಿಯ ಅಂಕ 800 ಇದ್ದ ಟೈರು. ಈ ಅಂಕಕ್ಕೆ 100 ಎಂಬುದು ಮೂಲಮಾನ. 800 ಎಂದರೆ ಅದರ ಎಂಟು ಪಟ್ಟು ಬಾಳಿಕೆ. ಅಂಕವನ್ನು ಕೊಡುವವರು ತಯಾರಕರೇ ಆದ್ದರಿಂದ ಬೇರೆ ಬೇರೆ ಕಂಪನಿಗಳ ಅಂಕಗಳನ್ನು ಪಕ್ಕಪಕ್ಕ ಇಟ್ಟು ತೂಗಲಾಗದು. ಮೇಲಾಗಿ, ಸಾಮಾನ್ಯವಾಗಿ ಬಹುಕಾಲ ಸವೆಯದ ರಬ್ಬರು ಚಳಿಯಲ್ಲಿ ಹೆಚ್ಚು ಬಿಗಿಯುತ್ತದೆ. ಬೆಟ್ಟದ ಚಿಹ್ನೆಯಿದ್ದ ಟೈರಿಗೆ 60,000 ಮೈಲಿಯದೇ ಭರವಸೆ, ಬೆಲೆಯೂ ತುಸು ಹೆಚ್ಚು. ಯಜಮಾನರು ಅಭ್ಯಾಸಬಲದಿಂದ ನಮ್ಮ ಮುಖ ನೋಡಿದರು. ನಾವು ಆ ತಾಯಿಯ ಮುಖ ನೋಡಿದೆವು.

ಅವರು ಹೇಳಿದ್ದು ಇಷ್ಟೆ: "ನಾವು ವರ್ಷಕ್ಕ ಒಂಬತ್ತು ಸಾವಿರ ಮೈಲಿ ಓಡಸ್ತೀವ್ರಿ. ಎಂಬತ್ತು ಸಾವಿರ ಆಗೂದ್ರಾಗ ಒಂಬತ್ತು ವರ್ಷ ಆಗತಾವು. ಅಷ್ಟ್ರಾಗ ರಬ್ಬರs ಮುದುಕ ಆಗಿರತೈತಿ. ನನಗ ಮೈಲಿ ಬ್ಯಾಡ್ರಿ, ರಾತ್ರಿ ಎರಡಕ್ಕ ದವಾಖಾನಿಯಿಂದ ಕರದ್ರ ಹೋಗಿ ಮುಟ್ಟಬೇಕು." ವೈದ್ಯರ ಲೆಕ್ಕ ವೈದ್ಯರದೇ. ಹಿಮಕ್ಕೆಂದೇ ಪ್ರತ್ಯೇಕ ಚಳಿಗಾಲದ ಟೈರುಗಳೂ ಇವೆ, ಮಂಜುಗಡ್ಡೆಯ ಮೇಲೆ ಅವೇ ಮೇಲು, ಎಂದು ಅಂಗಡಿಯಾತ ಹೇಳಿದ. ಆದರೆ ವರ್ಷಕ್ಕೆರಡು ಸಲ ಬಿಚ್ಚಿ ಹಾಕಿಸಿ, ಉಳಿದ ಜೊತೆಯನ್ನು ಇಡಲು ಜಾಗ ಹುಡುಕುವುದು ಆ ಮನೆಗೆ ಆಗದ ಮಾತು. ಬೆಟ್ಟದ ಚಿಹ್ನೆಯವೇ ನಾಲ್ಕು ಎಂದು ನಿಶ್ಚಯವಾಯಿತು. ಒಂದು ತಿಂಗಳೂ ಓಡದ ಆ ಎರಡು ಹೊಸ ಟೈರುಗಳಿಗೆ ಅರ್ಧ ಬೆಲೆಯೂ ಹುಟ್ಟಲಿಲ್ಲ. ಉಳಿಸಲು ಹೇಳಿದವರು ನಾವು, ಕಳೆದುಕೊಂಡವರು ಅವರು. ನಮಗೆ ಬಂದಿದ್ದ ಪ್ರವಚನದ ಕಾಣಿಕೆಯನ್ನು ಅದಕ್ಕೆ ಸೇರಿಸಿಕೊಳ್ಳಿರೆಂದು ಎಷ್ಟು ಬೇಡಿದರೂ ಒಪ್ಪಲಿಲ್ಲ.

ಹೊರಡುವಾಗ ಅಂಗಡಿಯಾತ ಚಾಲಕನ ಬಾಗಿಲನ್ನು ತೆರೆದು ಅದರ ಚೌಕಟ್ಟಿನಲ್ಲಿ ಅಂಟಿಸಿದ್ದ ಚೀಟಿ ತೋರಿಸಿದ. ಗಾಳಿ 33 ಪೌಂಡು ಎಂದು ಅದರಲ್ಲಿದೆ. ಟೈರಿನ ಪಕ್ಕೆಯ ಮೇಲೆ ಅಚ್ಚಾದ ದೊಡ್ಡ ಅಂಕಿ ತಾಳಿಕೆಯ ಪರಮಾವಧಿಯೇ ಹೊರತು ತುಂಬಬೇಕಾದ ಅಳತೆಯಲ್ಲ. ಉಷ್ಣಮಾನ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಂತೆ ಗಾಳಿ ಸುಮಾರು ಒಂದು ಪೌಂಡು ಇಳಿಯುತ್ತದೆ. ಚಳಿಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ನೋಡಲೇಬೇಕು.

ನಾವು ಡಿಸೆಂಬರಿನಲ್ಲಿ ಊರಿಗೆ ಮರಳಿದೆವು. ಜನವರಿಯ ಒಂದು ಬೆಳಗಿನ ಜಾವ ಆ ತಾಯಿಯ ಫೋನು. ಹಿಂದಿನ ರಾತ್ರಿ ಒಂದಡಿ ಹಿಮ ಬಿದ್ದಿತ್ತಂತೆ. ಅದೇ ಇಳಿಜಾರು, ಅದೇ ತಿರುವು. ನಿಧಾನವಾಗಿ ಇಳಿದು ಮನೆ ಸೇರಿದ್ದರು. ಮಗಳು ಹಿಂದಿನ ಆಸನದಲ್ಲಿ ನಿದ್ದೆ ಹೋಗಿದ್ದಳಂತೆ. ಕೊನೆಗೆ, "ಐದು ಸಾವಿರ ಮೈಲಿ ಆದ್ಮ್ಯಾಲೆ ಗಾಲಿ ಹಿಂದಿನವು ಮುಂದ, ಮುಂದಿನವು ಹಿಂದ ಮಾಡಸಬೇಕಂತ್ರಿ ಶಾಸ್ತ್ರಿಗಳೇ. ಇವರಿಗೆ ನೆನಪಿರೂದಿಲ್ಲ. ನೀವs ನೆನಪ ಮಾಡ್ರಿ" ಎಂದರು. ಲೆಕ್ಕ ಹಾಕಿದರೆ ಅದು ಜೂನ್ ತಿಂಗಳಿಗೆ ಬರುತ್ತಿತ್ತು. ಪಂಚಾಂಗದಲ್ಲಿ ಕಾರಹುಣ್ಣಿಮೆಯ ಮಗ್ಗುಲಿಗೆ ಪೆನ್ಸಿಲಿನಿಂದ 'ಓಹಾಯೋ ಗಾಲಿ' ಎಂದು ಬರೆದುಕೊಂಡೆವು.